ಪರದೆಯ ತಂತಿಗೊಂದು ಸೇಫ್ಟಿ ಡೋರ್

ಕಳೆದ ದಸರೆಗೆ ನಮ್ಮ ಮಹಿಳಾ ವಿಭಾಗದ ಕಾರ್ಯಕ್ರಮವಿತ್ತು. ಡೊಂಬಿವಲಿಯ ಬಾಡಿಗೆ ಹಾಲ್‌ನವರು ಪ್ರೊಜೆಕ್ಟರ್ ನಮ್ಮದು, ಲ್ಯಾಪ್‌ಟಾಪ್ ನೀವೇ ತನ್ನಿ ಎಂದರು. ಮಗನದಿದೆಯಲ್ಲ ಎಂದು ನಾನು ಎಲ್ಲರೆದುರು ಧೈರ್ಯವಾಗಿ ಒಪ್ಪಿಕೊಂಡೆ. ಮಹಾಪೆಯಲ್ಲಿ ಕೆಲಸ ಮಾಡುವ ಮಗರಾಯ, "ಇದು ಆಫೀಸಿನದಮ್ಮ, ಗೊತ್ತಿಲ್ಲದ ಪ್ರೊಜೆಕ್ಟರಿಗೆ ಹಚ್ಚುವುದಿಲ್ಲ" ಎಂದುಬಿಟ್ಟ. ಗೆಳತಿಯರ ಮುಂದೆ ನನ್ನ ಮುಖ ಸಣ್ಣದಾಯಿತು. ಚಿತ್ರ ಹೋಗುವ ತಂತಿಯಲ್ಲಿ ಕಳ್ಳ ಎಲ್ಲಿಂದ ಬರುತ್ತಾನೋ ಎಂದು ಮನೆಗೆ ಬಂದು ಜಗಳವಾಡಿದೆ.

ಅವನು ಎಚ್‌ಡಿಎಂಐ ಕೇಬಲಿನ ತುದಿ ತೋರಿಸಿದ. (ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು ನಾನು, ಶೇಕ್ಸ್‌ಪಿಯರ್ ಓದಿದ್ದೆ, ಸಾಕೆಟ್ಟಿನೊಳಗೆ ಇಣುಕಿರಲಿಲ್ಲ.) ಅದರಲ್ಲಿ 19 ಪಿನ್ನುಗಳು. ಮೊದಲ 12 ಚಿತ್ರ ಮತ್ತು ಧ್ವನಿಗೆ. ಅಲ್ಲಿ ಒಂದೇ ದಿಕ್ಕಿನ ಪ್ರಯಾಣ. 13ನೆಯದರಲ್ಲಿ ಸಾಧನಗಳು ಒಂದಕ್ಕೊಂದು ರಿಮೋಟಿನ ಆಜ್ಞೆ ಕೊಡುತ್ತವೆ. 15 ಮತ್ತು 16ರಲ್ಲಿ ಪರದೆ ತನ್ನ ಜಾತಕ ಒಪ್ಪಿಸುತ್ತದೆ: ಯಾವ ಕಂಪೆನಿ, ಯಾವ ಮಾದರಿ, ಎಷ್ಟು ಅಗಲದ ಚಿತ್ರ ತೋರಿಸಬಲ್ಲೆ ಎಂದು. ಇದಕ್ಕೆ ಇಡಿಐಡಿ ಎಂದು ಹೆಸರು, ಕನಿಷ್ಠ 128 ಬೈಟ್. ಕಂಪ್ಯೂಟರ್ ಅದನ್ನು ನಂಬಿ ಓದುತ್ತದೆ. ಬೇಕೆಂದೇ ಕೆಡಿಸಿ ಬರೆದ ಜಾತಕವಾದರೆ, ಓದುವ ತಂತ್ರಾಂಶವೇ ದಾರಿ ತಪ್ಪಬಹುದು. 2012ರಲ್ಲಿ ಬ್ಲ್ಯಾಕ್ ಹ್ಯಾಟ್ ಯುರೋಪ್ ಸಮ್ಮೇಳನದಲ್ಲಿ ಆಂಡಿ ಡೇವಿಸ್ ಎಂಬವರು ಇದೇ ಕೇಬಲಿನ ದೌರ್ಬಲ್ಯಗಳನ್ನು ಕುರಿತು ಮಾತನಾಡಿದ್ದರು.

"ಇಷ್ಟಕ್ಕೆಲ್ಲ ಹೆದರಬೇಕೇ?" ಎಂದೆ. ಮಗ 2017ರ ಜೂನ್ ತಿಂಗಳನ್ನು ನೆನಪಿಸಿದ. ನಾಟ್‌ಪೆಟ್ಯಾ ಎಂಬ ಪಿಡುಗು ಮಾರ್ಸ್ಕ್ ಹಡಗು ಕಂಪೆನಿಯನ್ನು ಹೊಕ್ಕಾಗ, ನವಿ ಮುಂಬಯಿಯ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಆ ಬಳಗ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಕೆಟ್ಟು ನಿಂತಿತ್ತು. ಅದು ಬಂದದ್ದು ಯುಕ್ರೇನಿನ ಲೆಕ್ಕಪತ್ರದ ತಂತ್ರಾಂಶದ ಮೂಲಕ, ಪರದೆಯ ತಂತಿಯಿಂದಲ್ಲ. ಆದರೂ ಯಾರೂ ಅನುಮಾನಿಸದ ಬಾಗಿಲೇ ತಾನೇ? ನನ್ನ ಸಿಟ್ಟು ಅರ್ಧ ಇಳಿಯಿತು.

ನಮ್ಮ ಫ್ಲ್ಯಾಟುಗಳಿಗೆ ಸೇಫ್ಟಿ ಡೋರ್ ಇರುತ್ತದಲ್ಲ, ಜಾಲರಿಯಲ್ಲೇ ಮಾತನಾಡಿ ಕಳಿಸಲು, ಅಂಥದೊಂದನ್ನು ತಂತಿಗೂ ಮಾಡುತ್ತೇನೆಂದು ಹೊರಟ. ಲ್ಯಾಮಿಂಗ್ಟನ್ ರೋಡಿನಿಂದ ಸಾಕೆಟ್ಟುಗಳು ಬಂದವು, ಊಟದ ಮೇಜು ಕಾರ್ಖಾನೆಯಾಯಿತು. ಮೊದಲ ಸಲ ಚಿತ್ರದ ತಂತಿಗಳನ್ನಷ್ಟೇ ಉಳಿಸಿ ಮಿಕ್ಕದ್ದೆಲ್ಲ ಕತ್ತರಿಸಿದ. ಟಿವಿ ಕಪ್ಪು! ಆಚೆ ಪರದೆಯೊಂದಿದೆ ಎಂದೇ ಲ್ಯಾಪ್‌ಟಾಪಿಗೆ ತಿಳಿದಿರಲಿಲ್ಲ.

ಎರಡನೆಯ ಸಲ 24ಸಿ02 ಎಂಬ ಎಂಟು ಕಾಲಿನ ಚಿಪ್ ಹಾಕಿದ. ಅದರಲ್ಲಿ ತಾನೇ ಬರೆದ ಜಾತಕ. ತಿದ್ದುವುದನ್ನು ತಡೆಯುವ ಕಾಲನ್ನು 5 ವೋಲ್ಟಿಗೆ ಬಿಗಿದ. ಇನ್ನು ಕೇಬಲಿನ ಮೂಲಕ ಯಾರೂ ಅದನ್ನು ಬದಲಿಸುವಂತಿಲ್ಲ. ಆ ಕರೆಂಟು ಲ್ಯಾಪ್‌ಟಾಪಿನ 18ನೆಯ ಪಿನ್ನಿನದೇ. ಅದನ್ನೇ ರೆಸಿಸ್ಟರ್ ದಾಟಿಸಿ 19ನೆಯದಕ್ಕೆ ಕೊಟ್ಟರೆ "ಪರದೆ ಬಂದಿದೆ" ಎಂಬ ಸೂಚನೆ. ಲ್ಯಾಪ್‌ಟಾಪ್ ಈ ಚಿಪ್ಪಿನೊಡನೆ ಮಾತ್ರ ಮಾತನಾಡುತ್ತದೆ, ಪ್ರೊಜೆಕ್ಟರಿನ ಮಾತು ಹೊಸ್ತಿಲಲ್ಲೇ ನಿಲ್ಲುತ್ತದೆ. ಚಿತ್ರದ ತಂತಿಗಳ ಉದ್ದ ಸಮವಿಲ್ಲದಿದ್ದರೆ ಚಿತ್ರ ಕೆಡುವುದರಿಂದ ಎರಡು ಭಾನುವಾರ ಅದಕ್ಕೇ ಹೋದವು. ಮೇಜಿನ ಮೇಲೆ ಸುಟ್ಟ ಕಲೆ ಇನ್ನೂ ಇದೆ.

ಚಿತ್ರವೇನೋ ಬಂತು, ಆದರೆ ಹಣ ಕೊಟ್ಟು ಕೊಂಡ ಸಿನಿಮಾ ಹಾಕಿದರೆ ಮತ್ತೆ ಕಪ್ಪು. ನಕಲು ತಡೆಯುವ ಎಚ್‌ಡಿಸಿಪಿಯ ಮಾತುಕತೆಗೂ ಅದೇ 15, 16 ಬೇಕಂತೆ. ಆ ದಾರಿ ತೆರೆದರೆ ಸಿನಿಮಾ ಬರುತ್ತದೆ, ಅನುಮಾನವೂ ಬರುತ್ತದೆ. ಬೇಡವೆಂದು ನಾನೇ ತೀರ್ಪು ಕೊಟ್ಟೆ. ಸಿನಿಮಾಕ್ಕೆ ಮನೆಯ ಟಿವಿಯ ಕೇಬಲ್ ಸಾಕು. ಪ್ರೊಜೆಕ್ಟರಿನೊಳಗೆ ಕುಳಿತು ನಮ್ಮ ಚಿತ್ರವನ್ನೇ ನಕಲು ಮಾಡುವವನನ್ನು ಮಾತ್ರ ಈ ಡಬ್ಬಿ ತಡೆಯದು.

ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಅದೇ ಹಾಲ್. ಮಗ ತನ್ನ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿ ಡಬ್ಬಿಯೊಡನೆ ಕೊಟ್ಟ. ಆಫೀಸಿನದನ್ನು ಆಗಲೂ ಕೊಡಲಿಲ್ಲ: ಮನೆಯಲ್ಲಿ ಮಾಡಿದ ಡಬ್ಬಿಯನ್ನೂ ಆಫೀಸು ನಂಬಬಾರದಂತೆ! ಫೋಟೋಗಳೆಲ್ಲ ಚೆನ್ನಾಗಿ ಕಂಡವು.

ಈಗ ಸೊಸೆ ಕೊಂಡ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ತೂತೇ ಇಲ್ಲ. ಟೈಪ್-ಸಿ ಎಂಬ ಒಂದೇ ತೂತಿನಲ್ಲಿ ಚಿತ್ರ, ಮಾಹಿತಿ, ಕರೆಂಟು ಎಲ್ಲವೂ. ಮಗ ಮತ್ತೆ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಾನೆ. ನಾನು ಮೇಜಿನ ಮೇಲೆ ಹಳೆಯ ಚಾಪೆ ಹಾಸಿದ್ದೇನೆ.