ಕೊಬ್ಬರಿ ಹೋರಿಯ ಓಟ: ಹಬ್ಬದ ವ್ಯವಹಾರವೂ ಹೊಣೆಯೂ

ದೀಪಾವಳಿಯ ಬಲಿಪಾಡ್ಯಮಿ ಕಳೆಯಿತೆಂದರೆ ಹೊನ್ನಾಳಿ ಹಾಗೂ ನ್ಯಾಮತಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾಲ ಆರಂಭವಾಗುತ್ತದೆ. ಒಂದು ಊರಿನ ಹಬ್ಬ ಮುಗಿಯುತ್ತಿದ್ದಂತೆ ಮತ್ತೊಂದು ಊರಿನದು. ಹೀಗೆ ಸಂಕ್ರಾಂತಿಯನ್ನು ದಾಟಿಯೂ ಈ ಸರಣಿ ನಡೆದೇ ಇರುತ್ತದೆ. ಪಕ್ಕದ ಶಿಕಾರಿಪುರ, ಸೊರಬ, ಹಿರೇಕೆರೂರು, ಹಾನಗಲ್ಲು ತಾಲ್ಲೂಕುಗಳನ್ನೂ ಸೇರಿಸಿಕೊಂಡರೆ ಇದು ಮೂರು ಜಿಲ್ಲೆಗಳಿಗೆ ಹರಡಿಕೊಂಡಿರುವ ಒಂದೇ ಕ್ರೀಡಾಕ್ಷೇತ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ಮತ್ತು ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಆಡಳಿತದ ಗಡಿ ಬದಲಾದರೂ ಹೋರಿಗಳು ಓಡುವ ದಾರಿ ಮಾತ್ರ ಬದಲಾಗಲಿಲ್ಲ.

ಹಬ್ಬದ ಸ್ವರೂಪ ಸರಳವಾದುದು. ಊರ ಮುಂದಿನ ಓಣಿಗೋ ಬಯಲಿಗೋ ಎರಡೂ ಬದಿ ಮರದ ದಿಮ್ಮಿಗಳ ತಡೆ ಕಟ್ಟಿ ಅಖಾಡ ಸಿದ್ಧಪಡಿಸುತ್ತಾರೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರ, ಮೈಮೇಲೆ ಜೂಲ, ಕಾಲಿಗೆ ಗೆಜ್ಜೆ, ಕೊಂಬುಗಳಿಗೆ ಬಣ್ಣದ ರಿಬ್ಬನ್ನು ಮತ್ತು ಬಲೂನು. ಒಂದೊಂದಾಗಿ ಹೋರಿಗಳನ್ನು ಬಿಡಲಾಗುತ್ತದೆ. ಅಖಾಡದೊಳಗೆ ನಿಂತ ಯುವಕರು ಓಡುತ್ತಿರುವ ಹೋರಿಯ ಮೇಲೆ ಎರಗಿ ಕೊಬ್ಬರಿ ಹರಿಯಬೇಕು. ಹೋರಿ ಯಾರ ಕೈಗೂ ಸಿಗದೆ ಆಚೆ ದಾಟಬೇಕು. ಕೊಬ್ಬರಿ ಉಳಿಸಿಕೊಂಡ ಹೋರಿಗೆ ಬಹುಮಾನ, ಹರಿದ ಪೈಲ್ವಾನನಿಗೂ ಬಹುಮಾನ. ಬಲೂನು ಮತ್ತು ಅಲಂಕಾರದ ಎತ್ತರದ ಚೌಕಟ್ಟನ್ನು ಹೊತ್ತು ಓಡುವುದಕ್ಕೆ ಪೀಪಿ ಹೋರಿ ಎಂಬ ಪ್ರತ್ಯೇಕ ಹೆಸರೇ ಇದೆ.

ಹೊರಗಿನವರಿಗೆ ಇದನ್ನು ವಿವರಿಸುವಾಗ ತಮಿಳುನಾಡಿನ ಜಲ್ಲಿಕಟ್ಟಿನ ಹೋಲಿಕೆ ಕೊಡುವುದು ವಾಡಿಕೆ. ಆದರೆ ವಾಣಿಜ್ಯದ ದೃಷ್ಟಿಯಿಂದ ನೋಡುವವರಿಗೆ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಓಟದ ಹೋಲಿಕೆ ಹೆಚ್ಚು ಉಪಯುಕ್ತವೆನಿಸುತ್ತದೆ. ಅಡೆತಡೆಗಳನ್ನು ಹಾರಿ ಓಡುವ ಈ ಬಗೆಯ ಕುದುರೆ ಓಟಕ್ಕೆ ಸ್ಟೀಪಲ್‌ಚೇಸ್ ಎಂದು ಹೆಸರು. 1752ರಲ್ಲಿ ಐರ್ಲೆಂಡಿನ ಬಟವೆಂಟ್ ಎಂಬ ಊರಿನ ಚರ್ಚಿನಿಂದ ಡೊನರೇಲ್ ಎಂಬ ಊರಿನ ಚರ್ಚಿನವರೆಗೆ, ಗೋಪುರವನ್ನೇ ಗುರಿಯಾಗಿಟ್ಟುಕೊಂಡು, ಬೇಲಿ ಹಳ್ಳಗಳನ್ನು ಹಾರುತ್ತ ಇಬ್ಬರು ಪಂದ್ಯ ಕಟ್ಟಿ ಓಡಿದ್ದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಅದೂ ಹಳ್ಳಿಗಾಡಿನ ಹುಂಬತನದಿಂದಲೇ ಹುಟ್ಟಿದ ಆಟ. 1839ರಿಂದ ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ನಡೆದು ಬಂದಿರುವ ಗ್ರ್ಯಾಂಡ್ ನ್ಯಾಷನಲ್‌ನ ಉದ್ದ ಸುಮಾರು 6.9 ಕಿಲೋಮೀಟರ್, ದಾಟಬೇಕಾದ ಬೇಲಿಗಳು 30. ಅಲ್ಲಿ ಸವಾರ ಪ್ರಾಣಿಯ ಬೆನ್ನ ಮೇಲಿರುತ್ತಾನೆ, ಇಲ್ಲಿ ಪ್ರಾಣಿಯ ಎದುರಿಗೆ ನಿಂತಿರುತ್ತಾನೆ. ವ್ಯತ್ಯಾಸ ಅಲ್ಲಿಗೇ ಮುಗಿಯುವುದಿಲ್ಲ. ಅದರ ಮಾತು ಮುಂದೆ ಬರಲಿದೆ.

ಹಣದ ಹರಿವು

ಹೋರಿ ಹಬ್ಬವನ್ನು ಕೇವಲ ಜನಪದ ಆಚರಣೆಯೆಂದು ಭಾವಿಸಿದ ಕಾಲ ಹಿಂದಾಯಿತು. ಬಹುಮಾನವಾಗಿ ಇಂದು ದ್ವಿಚಕ್ರ ವಾಹನ, ಚಿನ್ನದ ಉಂಗುರ, ಫ್ರಿಜ್, ಟಿ.ವಿ., ತಿಜೋರಿಗಳನ್ನು ಇಡಲಾಗುತ್ತದೆ. ಹೆಸರಾದ ಹೋರಿಯೊಂದರ ಬೆಲೆ ಲಕ್ಷಗಳಲ್ಲಿ. ಕೆಲವರು ತಮಿಳುನಾಡಿನವರೆಗೂ ಹೋಗಿ ಹೋರಿ ಕೊಂಡು ತರುವುದುಂಟು. ಉಳುಮೆಗೆ ಹೂಡದೆ, ವರ್ಷವಿಡೀ ಕಟ್ಟಿ ಸಾಕುವ ಇಂಥ ಹೋರಿಗೆ ಹುರುಳಿ, ಹತ್ತಿಕಾಳು, ಮೆಕ್ಕೆಜೋಳದ ನುಚ್ಚು, ಬೆಲ್ಲ, ಮೊಟ್ಟೆ ಎಂದು ತಿನ್ನಿಸುವ ರೈತನ ಲೆಕ್ಕ ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಸರಿದೂಗದು. ಬೈಕು ಗೆದ್ದರೂ ದೂಗದು. ಅದನ್ನು ಪ್ರತಿಷ್ಠೆಯ ಬಾಬ್ತೆಂದೇ ಬರೆದುಕೊಳ್ಳಬೇಕು.

ಆದರೆ ಹೋರಿಯ ಸುತ್ತಲಿನ ವ್ಯಾಪಾರ ಮಾತ್ರ ನಷ್ಟದ್ದಲ್ಲ. ಜೂಲ ಹೊಲಿಯುವ ದರ್ಜಿ, ಹಗ್ಗ ಗೆಜ್ಜೆಗಳ ಅಂಗಡಿಯವರು, ಫ್ಲೆಕ್ಸ್ ಮುದ್ರಿಸುವವರು, ಶಾಮಿಯಾನ ಮತ್ತು ಧ್ವನಿವರ್ಧಕದವರು, ಹೋರಿಗಳನ್ನು ಊರಿಂದೂರಿಗೆ ಸಾಗಿಸುವ ಗೂಡ್ಸ್ ವಾಹನದವರು, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಗಾಡಿಯವರು, ಇತ್ತೀಚೆಗೆ ಯೂಟ್ಯೂಬಿಗಾಗಿ ಚಿತ್ರೀಕರಿಸುವ ಹುಡುಗರು ಎಲ್ಲರಿಗೂ ಇದು ಸುಗ್ಗಿ. ಕೊಬ್ಬರಿಯ ಮಾತನ್ನಂತೂ ಪ್ರತ್ಯೇಕವಾಗಿ ಹೇಳಬೇಕು. 2025ನೇ ಸಾಲಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅದೇ ವರ್ಷದ ಮಧ್ಯಭಾಗದಲ್ಲಿ ತಿಪಟೂರು ಮಾರುಕಟ್ಟೆಯ ಧಾರಣೆ ಅದರ ದುಪ್ಪಟ್ಟನ್ನು ಮೀರಿತ್ತು. ಹೋರಿಯ ಕೊರಳಿನ ಹಾರಕ್ಕೂ ಅದರ ಬಿಸಿ ತಟ್ಟದೆ ಇರಲಿಲ್ಲ.

ಚನ್ನಗಿರಿಯ ಕಡೆ ಅಡಿಕೆಯ ಹಣವಿದೆ. ಅಡಿಕೆ ಧಾರಣೆ ಏರಿದ ವರ್ಷ ಹಬ್ಬಗಳಿಗೆ ದೇಣಿಗೆಯ ಕೊರತೆಯಿಲ್ಲ. ಜಗಳೂರಿನ ಮಳೆಯಾಶ್ರಿತ ನೆಲದಲ್ಲಿ ಹೋರಿ ಬೆದರಿಸುವ ಸಂಭ್ರಮ ಹೊನ್ನಾಳಿಯಷ್ಟು ಕಾಣಿಸದು. ಆದರೆ ಅಲ್ಲಿ ಮತ್ತು ನೆರೆಯ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಮ್ಯಾಸಬೇಡ ಸಮುದಾಯದವರು ದೇವರ ಎತ್ತುಗಳನ್ನು ಸಾಕುತ್ತ ಬಂದಿದ್ದಾರೆ. ಕಿಲಾರಿಗಳು ಕಾಯುವ ಆ ಹಿಂಡುಗಳಿಗೆ ನೊಗವಿಲ್ಲ, ಮಾರಾಟವಿಲ್ಲ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ಬೆಲೆ ಕಟ್ಟಬಾರದ ಎತ್ತು, ಇನ್ನೊಂದು ತುದಿಯಲ್ಲಿ ಬೆಲೆಯೇ ಹೆಸರಾಗಿರುವ ಹೋರಿ!

ತಳಿಯ ಪ್ರಶ್ನೆ

ಈ ಸೀಮೆಗೆ ಓಡುವ ದನಗಳೇನೂ ಹೊಸವಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯನ್ನು ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂದು ಕರೆದ. ಫಿರಂಗಿ ಎಳೆಯಲೂ ಸೈನ್ಯದ ಸರಂಜಾಮು ಹೊರಲೂ ಬೆಳೆಸಿದ ಈ ತಳಿಗೆ ಮೂಲವಾದವು ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳೆಂದು ಪಶುತಜ್ಞರು ಗುರುತಿಸಿದ್ದಾರೆ. ಚನ್ನಗಿರಿಯ ದಕ್ಷಿಣದ ಗಡಿಗೆ ಹೊಂದಿಕೊಂಡ ಅಜ್ಜಂಪುರದಲ್ಲಿ ಇಂದಿಗೂ ಅದರ ಸಂವರ್ಧನಾ ಕೇಂದ್ರವಿದೆ. ಹಾಲು ಕಡಿಮೆ, ಕಸುವು ಹೆಚ್ಚು. ಟ್ರ್ಯಾಕ್ಟರ್ ಬಂದ ಮೇಲೆ ಆ ಕಸುವಿಗೆ ಗಿರಾಕಿಯಿಲ್ಲದಂತಾಯಿತು.

2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನಗಳ ಒಟ್ಟು ಸಂಖ್ಯೆ ಸುಮಾರು 19.25 ಕೋಟಿ. ಹಿಂದಿನ ಗಣತಿಗೆ ಹೋಲಿಸಿದರೆ ಹೆಣ್ಣು ರಾಸುಗಳು ಶೇಕಡ 18ರಷ್ಟು ಹೆಚ್ಚಿ 14.51 ಕೋಟಿಗೆ ಮುಟ್ಟಿದವು; ಗಂಡು ರಾಸುಗಳು ಶೇಕಡ 30ರಷ್ಟು ಇಳಿದು ಐದು ಕೋಟಿಗೂ ಕೆಳಗೆ ಬಂದವು. ಗಂಡು ಕರುವನ್ನು ಉಳಿಸಿಕೊಳ್ಳಲು ರೈತನಿಗೆ ಉಳಿದಿರುವ ಕೆಲವೇ ಕಾರಣಗಳಲ್ಲಿ ಹೋರಿ ಹಬ್ಬವೂ ಒಂದು. ಹಬ್ಬದ ಪರ ವಾದಿಸುವವರು ಹೇಳುವ ಮಾತುಗಳಲ್ಲಿ ತೂಕವುಳ್ಳದ್ದು ಇದೇ. ಸಂಪ್ರದಾಯದ ಹೆಸರಿನಲ್ಲಿ ಹೇಳುವ ಉಳಿದ ಮಾತುಗಳನ್ನು ಸ್ವಲ್ಪ ತಡೆದೇ ಒಪ್ಪಬೇಕಾಗುತ್ತದೆ. ಬೈಕು, ಫ್ರಿಜ್ಜುಗಳು ಯಾವ ಸಂಪ್ರದಾಯದಲ್ಲಿಯೂ ಇರಲಿಲ್ಲ.

ಕಾನೂನು

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿ ನೀಡಿದ ತೀರ್ಪು ಇಲ್ಲಿನ ಹಬ್ಬಗಳ ಮೇಲೂ ನೆರಳು ಚೆಲ್ಲಿತು. ಕಂಬಳದ ಪರವಾಗಿ ಕರಾವಳಿಯಲ್ಲಿ ನಡೆದ ಚಳವಳಿಯ ಫಲವಾಗಿ ಕರ್ನಾಟಕ ಸರ್ಕಾರವು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮಕ್ಕೆ 2017ರಲ್ಲಿ ತಿದ್ದುಪಡಿ ತಂದಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಕಂಬಳದೊಂದಿಗೆ ಹೋರಿಗಳ ಓಟ ಮತ್ತು ಎತ್ತಿನ ಗಾಡಿ ಓಟಗಳೂ ಅದರ ವ್ಯಾಪ್ತಿಗೆ ಬಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ ಹಾಗೂ ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಸಂಘಟಕರು ಈ ತೀರ್ಪಿನ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡಂತೆ ತೋರುತ್ತದೆ. ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕು, ಅದಕ್ಕೆ ಜಿಲ್ಲಾ ದಂಡಾಧಿಕಾರಿಗಳೂ ಸಕ್ಷಮ ಪ್ರಾಧಿಕಾರಗಳೂ ಹೊಣೆ ಎಂಬುದೂ ಅದೇ ತೀರ್ಪಿನಲ್ಲಿದೆ.

ಹಿಡಿಯುವವನ ಪಾಡು

ಹೋರಿಗೆ ಹೆಸರಿದೆ, ಅಭಿಮಾನಿ ಬಳಗವಿದೆ, ಧ್ವಜವಿದೆ. ಹಿಡಿಯುವವನಿಗೆ ಏನಿದೆ? ಗ್ರ್ಯಾಂಡ್ ನ್ಯಾಷನಲ್‌ನ ಹೋಲಿಕೆ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಲ್ಲಿ ಜಾಕಿ ಎಂದರೆ ಪರವಾನಗಿ ಪಡೆದ ವೃತ್ತಿಗಾರ. ವೈದ್ಯಕೀಯ ತಪಾಸಣೆಯಿಲ್ಲದೆ ಅವನು ಕುದುರೆ ಏರುವಂತಿಲ್ಲ. ತಲೆಗೆ ಹೆಲ್ಮೆಟ್, ಎದೆಗೆ ಕವಚ ಕಡ್ಡಾಯ. ಓಟದ ಬೆನ್ನಿಗೇ ಆಂಬುಲೆನ್ಸ್ ಓಡುತ್ತದೆ. ಕುದುರೆಗಳ ಸಾವಿನ ಬಗ್ಗೆ ಟೀಕೆ ಹೆಚ್ಚಿದಾಗ ಸಂಘಟಕರು ಬೇಲಿಗಳ ಒಳಗಿನ ಗಟ್ಟಿ ಮರವನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ಜೋಡಿಸಿದರು. 2024ರಿಂದ ಸ್ಪರ್ಧಿಸುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಕುದುರೆಗಳು ವೇಗ ಪಡೆದುಕೊಳ್ಳುವ ಮುನ್ನವೇ ಎದುರಾಗುವಂತೆ ಮೊದಲನೆಯ ಬೇಲಿಯನ್ನು ಆರಂಭದ ಗೆರೆಗೆ ಹತ್ತಿರ ತಂದರು. ಇವೆಲ್ಲ ಕರುಣೆಯಿಂದಷ್ಟೇ ಆದವಲ್ಲ. ಸಾವುಗಳು ಮುಂದುವರಿದರೆ ಪ್ರಾಯೋಜಕರೂ ಪ್ರೇಕ್ಷಕರೂ ದೂರವಾಗುತ್ತಾರೆಂಬ ವ್ಯವಹಾರಜ್ಞಾನವೂ ಇದರ ಹಿಂದಿದೆ.

ನಮ್ಮಲ್ಲಿ ಅಖಾಡಕ್ಕಿಳಿಯುವವರು ಬಹುಪಾಲು ಕೃಷಿಕರ ಮಕ್ಕಳು, ಕೂಲಿಯವರು. ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು, ಹತ್ತಾರು ಹೋರಿಗಳನ್ನು ಬಿಟ್ಟುಕೊಟ್ಟು, ತನಗೆ ದಕ್ಕಬಹುದಾದ ಒಂದನ್ನು ಆರಿಸಿಕೊಳ್ಳುವುದರಲ್ಲಿ ಅವರ ಜಾಣ್ಮೆಯಿದೆ. ಎದುರು ಬೀಳದೆ ಪಕ್ಕದಿಂದ ಸೇರಿ, ಹಿಣಿಲಿಗೆ ತೋಳು ಹಾಕಿ ನಾಲ್ಕು ಹೆಜ್ಜೆ ಹೋರಿಯ ಜೊತೆಗೇ ಓಡಿದವನಿಗೆ ಕೊಬ್ಬರಿ. ಕಾಲು ಜಾರಿದವನ ಮೇಲೆ ಹೋರಿ ಮಾತ್ರವಲ್ಲ, ಹಿಂದಿನಿಂದ ನುಗ್ಗುವ ಜನರೂ ಹಾಯುತ್ತಾರೆ. 2023ರ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಈ ಸ್ಪರ್ಧೆಗಳ ವೇಳೆ ಜೀವಹಾನಿಯಾಯಿತು. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಹೋರಿಗಳಿಂದ ಸಾವು ಸಂಭವಿಸಿದವು; ಸತ್ತವರಲ್ಲಿ ವಯಸ್ಸಾದವರೂ ಇದ್ದರು. ಎಪ್ಪತ್ತು ದಾಟಿದವರಾರೂ ಕೊಬ್ಬರಿ ಹರಿಯಲು ಅಖಾಡಕ್ಕಿಳಿಯುವುದಿಲ್ಲವಷ್ಟೆ. ಅಪಾಯ ಅಖಾಡದ ತಡೆಯನ್ನು ದಾಟಿ ಊರೊಳಗೆ ಬಂದಿದೆಯೆಂದೇ ಇದರ ಅರ್ಥ. ಓಟ ಮುಗಿಸಿದ ಹೋರಿ ಆಚೆ ತುದಿಯಲ್ಲಿ ಎಲ್ಲಿ ನಿಲ್ಲಬೇಕು, ಅದನ್ನು ಯಾರು ಹಿಡಿಯಬೇಕು ಎಂಬುದರ ಬಗ್ಗೆ ಅನೇಕ ಕಡೆ ಸಿದ್ಧತೆಯೇ ಇರುವುದಿಲ್ಲ.

ಕಂಬಳದವರು ಈ ವಿಷಯದಲ್ಲಿ ಮುಂದಿದ್ದಾರೆ. ಲೇಸರ್ ಕಿರಣದಿಂದ ಸಮಯ ಅಳೆಯುವುದು, ಓಟಗಾರರಿಗೆ ತರಬೇತಿ ಕೊಡುವುದು ಅಲ್ಲಿ ರೂಢಿಗೆ ಬಂದಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ದೇಶವೇ ಅವರ ಹೆಸರನ್ನು ಕೇಳಿತು. ಅಳತೆ ಇದ್ದುದರಿಂದಲೇ ಓಟಗಾರನಿಗೆ ಹೆಸರು ಬಂದಿತು. ಹೊನ್ನಾಳಿ ಸೀಮೆಯಲ್ಲಿ ಕೊಬ್ಬರಿ ಹರಿದದ್ದು ಯಾರು ಎಂಬ ಜಗಳವನ್ನು ಇಂದಿಗೂ ಮೊಬೈಲಿನಲ್ಲಿ ತೆಗೆದ ಚಿತ್ರ ನೋಡಿ ತೀರ್ಮಾನಿಸಬೇಕಾಗಿದೆ.

ಬಹುಮಾನದ ಬೈಕಿಗೆ ದೇಣಿಗೆ ನೀಡುವ ವರ್ತಕರು, ಮಳಿಗೆಯವರು, ಅಡಿಕೆ ಮಂಡಿಯವರು ನಮ್ಮ ನಡುವೆಯೇ ಇದ್ದಾರೆ. ಫ್ಲೆಕ್ಸಿನ ಮೇಲೆ ಹೆಸರು ಹಾಕಿಸಿಕೊಳ್ಳುವ ಮುನ್ನ ಅವರು ಸಂಘಟಕರಿಗೆ ಕೆಲವು ಪ್ರಶ್ನೆಗಳನ್ನು ಕೇಳಬಹುದು: ಜಿಲ್ಲಾಡಳಿತದ ಅನುಮತಿ ಪತ್ರ ಎಲ್ಲಿದೆ? ಅಖಾಡಕ್ಕಿಳಿಯುವವರ ಹೆಸರು, ವಯಸ್ಸು ಬರೆದುಕೊಳ್ಳಲಾಗಿದೆಯೆ? ಗುಂಪು ಅಪಘಾತ ವಿಮೆ ಮಾಡಿಸಲಾಗಿದೆಯೆ? ಪಶುವೈದ್ಯರೂ ಆಂಬುಲೆನ್ಸೂ ಬರುತ್ತವೆಯೆ? ಇಡೀ ಅಖಾಡದ ಜನರಿಗೆ ಒಂದು ದಿನದ ವಿಮೆ ಮಾಡಿಸುವ ಖರ್ಚು ಬೈಕಿನ ಬೆಲೆಯ ಮುಂದೆ ದೊಡ್ಡದಾಗಲಾರದು. ಬೈಕಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬಹುದು, ವಿಮೆಯ ಕಾಗದದ ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ. ತೊಡಕಿರುವುದು ಅಲ್ಲಿಯೇ.