ತಾಂಡಾದ ಊಟವನ್ನು ಕನ್ನಡಕ್ಕೆ ಇಳಿಸುವವರು ಯಾರು?

ಶಿಕಾರಿಪುರ, ಸೊರಬದ ತಾಂಡಾಗಳಲ್ಲಿ ಪೌಷ್ಟಿಕತೆಯ ಸಮೀಕ್ಷೆಗೆ ಹೋದವರು ಸಾಮಾನ್ಯವಾಗಿ ಕೇಳುವುದು ಇಷ್ಟೇ: ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ತಿಂದಿರಿ? ಉತ್ತರ ಲಂಬಾಣಿಯಲ್ಲಿ ಬರುತ್ತದೆ, ವರದಿ ಕನ್ನಡದಲ್ಲಾಗಬೇಕು.

ಲಂಬಾಣಿಗೆ ಸ್ವಂತ ಲಿಪಿಯಿಲ್ಲ. 2011ರ ಜನಗಣತಿ ಅದನ್ನು ಹಿಂದಿಯ ಗುಂಪಿಗೆ ಸೇರಿಸಿಬಿಟ್ಟಿದೆ. ಅದನ್ನು ನಂಬಿ ಹಿಂದಿ ಬಲ್ಲವರನ್ನು ಕರೆದೊಯ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ತಾಂಡಾದಲ್ಲೇ ಬೆಳೆದು ಗೃಹವಿಜ್ಞಾನವನ್ನೋ ನರ್ಸಿಂಗನ್ನೋ ಓದಿದವರು ಸಿಕ್ಕರೆ ಬೇರೆಯವರನ್ನು ಹುಡುಕಬೇಡಿ. ಸಿಗದಿದ್ದರೆ ಲಂಬಾಣಿ ಮನೆಮಾತಿನ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಜೊತೆ ಒಬ್ಬ ಆಹಾರ ತಜ್ಞರನ್ನು ಕೂರಿಸಿ. ಎರಡೂ ವಿದ್ಯೆ ಒಬ್ಬರಲ್ಲೇ ಇರಲಿ ಎಂಬ ಹಟ ಬೇಡ.

ಆಯ್ಕೆಗೆ ಪ್ರಮಾಣಪತ್ರಕ್ಕಿಂತ ಹತ್ತು ನಿಮಿಷದ ಧ್ವನಿಮುದ್ರಣ ಮೇಲು. ಅದನ್ನು ಕೇಳಿಸಿ, ಬರೆದುಕೊಡಲು ಹೇಳಿ. ‘ಬಾಟಿ’ ಎಂದು ಬಂದಲ್ಲಿ ಬರೀ ರೊಟ್ಟಿ ಎಂದು ಬರೆದು ಮುಂದೆ ಹೋದರೋ, ಯಾವ ಹಿಟ್ಟಿನದು ಎಂದು ಪ್ರಶ್ನೆ ಹಾಕಿದರೋ ನೋಡಿ. ರಾಗಿಯದಾದರೆ ಸುಣ್ಣದಂಶದ ಲೆಕ್ಕವೇ ಬೇರೆ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ. ‘ಸಳೋಯಿ’ಯನ್ನು ಮಾಂಸದ ಸಾರು ಎಂದವರನ್ನು ಬಿಟ್ಟುಬಿಡಿ. ಅದರಲ್ಲಿ ಆಡಿನ ರಕ್ತ ಇರುತ್ತದೆ. ಸಾರಾಗಿಸಿದರೆ ಆ ತಟ್ಟೆಯ ಕಬ್ಬಿಣಾಂಶ ವರದಿಯಿಂದಲೇ ಮಾಯ. ರಕ್ತಹೀನತೆಯ ಸಮೀಕ್ಷೆಯಲ್ಲಿ ಇದೇನು ಸಣ್ಣ ತಪ್ಪಲ್ಲ. ತೂಕ ಅಕ್ಕಿಯದೋ ಅನ್ನದ್ದೋ ಎಂಬುದೂ ಸ್ಪಷ್ಟವಿರಬೇಕು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ತೂಕದ ಅನ್ನದಲ್ಲಿ ಅದರ ಅರ್ಧವೂ ಇಲ್ಲ.

ಕಾಡುಸೊಪ್ಪುಗಳ ವಿಷಯದಲ್ಲಿ ಕನ್ನಡವನ್ನೂ ನಂಬಿ ಕೂರುವಂತಿಲ್ಲ. ಸೊರಬದ ಕಡೆ ತಂಬುಳಿಗೆ ಬೀಳುವ ಒಂದೆಲಗವನ್ನು ಕೆಲವರು ಬ್ರಾಹ್ಮಿ ಎನ್ನುತ್ತಾರೆ. ಅದೇ ಹೆಸರಿನ ಬೇರೆ ಗಿಡವೂ ಇದೆ. ಸಸ್ಯಶಾಸ್ತ್ರದ ಹೆಸರು ಪಕ್ಕದಲ್ಲಿರಲಿ.

ಬರೆದದ್ದನ್ನು ಮೂಲ ಕೇಳದ ಇನ್ನೊಬ್ಬ ಲಂಬಾಣಿಗರಿಂದ ಮರಳಿ ಲಂಬಾಣಿಯಲ್ಲಿ ಹೇಳಿಸಿ, ಧ್ವನಿಮುದ್ರಣದೊಂದಿಗೆ ಹೋಲಿಸಿ. ಸಂಭಾವನೆಯನ್ನು ಪದಕ್ಕಿಷ್ಟೆಂದು ಕಟ್ಟದೆ ಧ್ವನಿಯ ನಿಮಿಷಕ್ಕಿಷ್ಟೆಂದು ಮಾತಾಡಿಕೊಳ್ಳಿ. ಇನ್ನೊಂದು ಮಾತು: ಅದೇ ತಾಂಡಾದ ಅಂಗನವಾಡಿ ಕಾರ್ಯಕರ್ತೆಯನ್ನು ದುಭಾಷಿಯಾಗಿಸಬೇಡಿ. ರಾತ್ರಿ ಒಲೆ ಹಚ್ಚಲಿಲ್ಲ ಎಂಬುದನ್ನು ಪಕ್ಕದ ಮನೆಯವಳ ಎದುರು ಯಾರೂ ಹೇಳುವುದಿಲ್ಲ. ಎರಡು ಊರು ಆಚೆಯವರನ್ನು ಕರೆತನ್ನಿ.