ಕೆಲಸದ ಪರವಾನಗಿ ಇಲ್ಲದಿದ್ದರೆ ದುಡಿದ ಕೂಲಿಯನ್ನೂ ಕೇಳುವಂತಿಲ್ಲವೇ?

ಅಮೆರಿಕದಲ್ಲಿ ಪರವಾನಗಿ ಇಲ್ಲದೆ ಕೆಲಸ ಮಾಡುವ ವಲಸಿಗರಿಗೆ ಮಾಲೀಕರು ಸಂಬಳ ಕೊಡದಿದ್ದರೂ ಕೇಳುವ ಹಕ್ಕಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ?

ಅಲ್ಲ. ಕನಿಷ್ಠ ವೇತನ ಕುರಿತ ಅಲ್ಲಿನ 1938ರ ಕೇಂದ್ರ ಕಾಯ್ದೆ ಇವರಿಗೂ ಅನ್ವಯಿಸುತ್ತದೆ. ಅದರ ವ್ಯಾಪ್ತಿಗೆ ಬರುವ ಕೆಲಸಗಳಲ್ಲಿ ಗಂಟೆಗೆ ಕನಿಷ್ಠ 7.25 ಡಾಲರ್ ಕೊಡಬೇಕು. ವಾರಕ್ಕೆ 40 ಗಂಟೆ ದಾಟಿದರೆ ಸಾಮಾನ್ಯವಾಗಿ ಒಂದೂವರೆ ಪಟ್ಟು. ಇಂಥವರನ್ನು ಕೆಲಸಕ್ಕಿಟ್ಟುಕೊಳ್ಳುವುದೇ 1986ರಿಂದ ಅಪರಾಧವಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಕೂಲಿ ಕೊಡದೆ ತಪ್ಪಿಸಿಕೊಳ್ಳಬಹುದು ಎಂದಾದರೆ ಮಾಲೀಕರು ಇಂಥವರನ್ನೇ ಹುಡುಕಿ ತರುತ್ತಾರೆ, ಪಕ್ಕದಲ್ಲಿ ದುಡಿಯುವ ಅಮೆರಿಕನ್ನರ ಕೂಲಿಗೂ ಪೆಟ್ಟು ಬೀಳುತ್ತದೆ.

ಗೊಂದಲಕ್ಕೆ ಒಂದು ಕಾರಣ 2002ರ ಸುಪ್ರೀಂ ಕೋರ್ಟ್ ತೀರ್ಪು ಎನ್ನುವುದು ನಮ್ಮ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಪ್ಲಾಸ್ಟಿಕ್ ಕಾರ್ಖಾನೆಯೊಂದು ಕಾರ್ಮಿಕ ಸಂಘ ಕಟ್ಟಲು ನೆರವಾದ ನೌಕರನನ್ನು ತೆಗೆದುಹಾಕಿತ್ತು. ಹಾಗೆ ತೆಗೆದದ್ದು ಕಾನೂನುಬಾಹಿರವೇ ಆಗಿತ್ತು. ಆದರೂ ಆತನಿಗೆ ಪರವಾನಗಿ ಇರಲಿಲ್ಲವಾದ್ದರಿಂದ, ಕೆಲಸ ಹೋದ ನಂತರದ ದಿನಗಳ ವೇತನ ಸಿಗದು ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು, ನಾಲ್ವರು ಒಪ್ಪಲಿಲ್ಲ. ಗಮನಿಸಿ, ಇದು ಮಾಡದ ಕೆಲಸದ ವೇತನದ ಮಾತು. ಮಾಡಿ ಮುಗಿಸಿದ ಕೆಲಸದ ಕೂಲಿಯನ್ನು ಈ ತೀರ್ಪು ಮುಟ್ಟಿಲ್ಲ. ಕಾರ್ಮಿಕ ಇಲಾಖೆಯೂ ಆಮೇಲೆ ಇದನ್ನೇ ಸ್ಪಷ್ಟಪಡಿಸಿತು.

ದೂರು ಕೊಟ್ಟರೆ ಗಡೀಪಾರಾದೇವು ಎಂಬ ಹೆದರಿಕೆ ಮಾತ್ರ ಸುಳ್ಳಲ್ಲ. ಬಾಯಿ ಮುಚ್ಚಿಸಲು ವಲಸೆ ಅಧಿಕಾರಿಗಳ ಹೆಸರು ಹೇಳಿ ಬೆದರಿಸುವುದನ್ನು ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ನಿಷೇಧಿಸಿದೆ. ದುಡಿದ ಗಂಟೆಗಳ ಲೆಕ್ಕ ಇಡಬೇಕಾದ್ದು ಮಾಲೀಕರು. ಅವರು ಇಡದಿದ್ದರೆ ಕೆಲಸಗಾರರು ತಾವೇ ದಿನಾ ಬರೆದಿಟ್ಟುಕೊಂಡ ಪುಸ್ತಕವೂ ಸಾಕ್ಷಿಯಾಗಬಲ್ಲದು.